ಪ್ರಮಾಣಪತ್ರಗಳಿವೆ, ಆದರೆ ತರಗತಿಯಲ್ಲಿ ಕೈ ಓಡುವುದಿಲ್ಲ: ಕನ್ನಡ ಮಾಧ್ಯಮದ ಪ್ರಾಥಮಿಕ ಶಿಕ್ಷಕರು ಮೊದಲು ಏನನ್ನು ಕಲಿಯಬೇಕು?

ಪ್ರಶ್ನೆ: ಮುಂಬಯಿ ಉಪನಗರದ ಪ್ರಾಥಮಿಕ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ಮುಂಬಯಿಯ ಉಪನಗರವೊಂದರ ಕನ್ನಡ ಮಾಧ್ಯಮದ ಶಾಲೆಯಲ್ಲಿ ನಾನು 19 ವರ್ಷಗಳಿಂದ ಪಾಠ ಹೇಳುತ್ತಿದ್ದೇನೆ. ಪಟಸಂಖ್ಯೆ ಇಳಿಯುತ್ತ ಬಂದಿರುವುದರಿಂದ ಈ ವರ್ಷ ಮೂರನೆಯ ಮತ್ತು ನಾಲ್ಕನೆಯ ಇಯತ್ತೆಯ (ತರಗತಿಯ) ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು ಕಲಿಸಬೇಕಾಗಿದೆ. ಹೆಚ್ಚಿನವರು ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು. ಹೋಟೆಲ್ ಕಾರ್ಮಿಕರ ಮಕ್ಕಳು ಒಂದಿಬ್ಬರಿದ್ದಾರೆ. ಅವರ ಮನೆಮಾತು ತುಳು.

2020ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರದ ನಿಷ್ಠಾ ಎಂಬ ಶಿಕ್ಷಕರ ತರಬೇತಿ ದೀಕ್ಷಾ ಎಂಬ ಅಂತರಜಾಲ ವೇದಿಕೆಗೆ ಬಂದಾಗ ನಾನು ಅದರ 18 ಘಟಕಗಳನ್ನೂ ಮುಗಿಸಿದೆ. ಬಳಿಕ ಬುನಾದಿ ಸಾಕ್ಷರತೆ ಮತ್ತು ಸಂಖ್ಯಾಜ್ಞಾನದ ಘಟಕಗಳೂ ಆದವು. ಪ್ರಮಾಣಪತ್ರಗಳನ್ನೆಲ್ಲ ಮುದ್ರಿಸಿ ಫೈಲಿನಲ್ಲಿ ಇಟ್ಟಿದ್ದೇನೆ. ಪ್ರತಿಯೊಬ್ಬ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆಗಳನ್ನು ವೃತ್ತಿ ವಿಕಾಸಕ್ಕೆಂದು ಮೀಸಲಿಡಬೇಕೆಂಬುದು ರಾಷ್ಟ್ರೀಯ ಶಿಕ್ಷಣ ನೀತಿ 2020ರ ನಿರೀಕ್ಷೆ. ಗಂಟೆಗಳ ಲೆಕ್ಕದಲ್ಲಿ ನನಗೆ ಕೊರತೆಯಿಲ್ಲ. ಆದರೆ ಈ ವರ್ಷ ನಡೆದ ಎರಡು ಪ್ರಸಂಗಗಳಿಂದ ನನ್ನ ಧೈರ್ಯ ಕುಂದಿದೆ.

ಜುಲೈ ತಿಂಗಳಲ್ಲಿ ದಾನಿಗಳೊಬ್ಬರು ನಮ್ಮ ಕೋಣೆಗೆ ದೊಡ್ಡ ಟಿವಿಯನ್ನು ಕೊಟ್ಟರು. ದಶಕ ಬಿಡಿಸಿ ಕಳೆಯುವ ಲೆಕ್ಕದ ಬಗೆಗೆ ಅಂತರಜಾಲದಲ್ಲಿ ಒಂದು ಸುಂದರವಾದ ವಿಡಿಯೊ ಸಿಕ್ಕಿತು, ಅದನ್ನು ಹಾಕಿದೆ. ಹನ್ನೊಂದು ನಿಮಿಷ ಮಕ್ಕಳು ಕಣ್ಣು ಕೀಳದೆ ನೋಡಿದರು, ಕೊನೆಗೆ ಚಪ್ಪಾಳೆಯನ್ನೂ ತಟ್ಟಿದರು. ಆಮೇಲೆ 52ರಲ್ಲಿ 27 ಕಳೆಯಿರಿ ಎಂದಾಗ ಮೂರನೆಯ ಇಯತ್ತೆಯ ಅರ್ಧಕ್ಕಿಂತ ಹೆಚ್ಚು ಮಕ್ಕಳು 35 ಎಂದು ಬರೆದಿದ್ದರು. 2ರಲ್ಲಿ 7 ಹೋಗುವುದಿಲ್ಲವೆಂದು 7ರಲ್ಲೇ 2 ಕಳೆದು, ಅದರ ಪಕ್ಕಕ್ಕೆ 5ರಲ್ಲಿ 2 ಕಳೆದು ಇಟ್ಟಿದ್ದರು.

ಎರಡನೆಯದು ಸೆಪ್ಟೆಂಬರಿನಲ್ಲಿ ಆದದ್ದು. ರಜೆಯಲ್ಲಿ ಮಕ್ಕಳು ಮಾಡಲೆಂದು ಅಭ್ಯಾಸದ ಹಾಳೆಗಳನ್ನು ರಾತ್ರಿ ಕುಳಿತು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಪೋಷಕರ ವಾಟ್ಸ್ಆ್ಯಪ್ ಗುಂಪಿಗೆ ಕಳಿಸಿದೆ. ಮರುದಿನ ಒಬ್ಬ ತಾಯಿ ಶಾಲೆಯ ಗೇಟಿನ ಬಳಿ ಫೋನನ್ನು ನನ್ನ ಮುಂದೆ ಹಿಡಿದು, 'ಟೀಚರ್, ಇದು ಯಾವ ಭಾಷೆ?' ಎಂದು ಕೇಳಿದರು. ತೆರೆಯ ಮೇಲೆ ಒಂದೂ ಕನ್ನಡದ ಅಕ್ಷರವಿರಲಿಲ್ಲ. ನೆತ್ತಿಯ ಮೇಲೆ ಚುಕ್ಕಿ, ಗೀರು, ಸೊನ್ನೆಗಳನ್ನು ಹೊತ್ತ ರೋಮನ್ ಅಕ್ಷರಗಳು ಸಾಲುಸಾಲಾಗಿ ನಿಂತಿದ್ದವು.

ದೀಪಾವಳಿ ರಜೆಯಲ್ಲಿ ನನಗೆ ಸುಮಾರು ಮೂರು ವಾರಗಳ ಬಿಡುವಿದೆ. ಕಿರಿಯ ಸಹೋದ್ಯೋಗಿಗಳು ರಸಪ್ರಶ್ನೆಯ ಆ್ಯಪ್ ಕಲಿಯಿರಿ, ಸ್ಲೈಡ್ ಮಾಡುವುದನ್ನು ಕಲಿಯಿರಿ, ವಿಡಿಯೊ ಎಡಿಟಿಂಗ್ ಕಲಿಯಿರಿ ಎಂದು ಪ್ರೀತಿಯಿಂದಲೇ ಹೇಳುತ್ತಾರೆ. ಎಲ್ಲವನ್ನೂ ಕಲಿಯುವಷ್ಟು ಸಮಯ ನನಗಿಲ್ಲ. ನನ್ನಂಥವರು ಮೊದಲು ಕಲಿಯಬೇಕಾದದ್ದು ಯಾವುದು? ಕಪ್ಪುಹಲಗೆಯ ಮುಂದೆ ನಿಂತು ಇಷ್ಟು ವರ್ಷ ಗಳಿಸಿದ್ದಕ್ಕೆ ಇನ್ನು ಬೆಲೆಯಿದೆಯೇ? ದಯವಿಟ್ಟು ಅನುಭವದಿಂದ ಹೇಳಿರಿ.

ಉತ್ತರ 1: ಡೊಂಬಿವಲಿಯ ನಿವೃತ್ತ ಮುಖ್ಯೋಪಾಧ್ಯಾಯ

ಟೀಚರ್, ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. 35 ಎಂಬ ಉತ್ತರವನ್ನು ಕಂಡೊಡನೆ ಮಗು ಎಲ್ಲಿ ದಾರಿ ತಪ್ಪಿತೆಂದು ನೀವು ಎರಡು ವಾಕ್ಯಗಳಲ್ಲಿ ಬರೆದಿದ್ದೀರಿ. ಆ ವಿಡಿಯೊವನ್ನು ಮಾಡಿದವರಿಗೆ ಅದು ಕಾಣಿಸುವ ಹಾಗಿಲ್ಲ, ಏಕೆಂದರೆ ಅವರ ಮುಂದೆ ಮಗುವಿಲ್ಲ. ಅಮೆರಿಕದ ಶಿಕ್ಷಣತಜ್ಞ ಲೀ ಶುಲ್ಮನ್ 1986ರಲ್ಲಿ ಇದನ್ನು ವಿಷಯಜ್ಞಾನಕ್ಕಿಂತಲೂ ಸಾಮಾನ್ಯ ಬೋಧನಾ ವಿಧಾನಕ್ಕಿಂತಲೂ ಬೇರೆಯಾದ ಒಂದು ಜ್ಞಾನವೆಂದು ಗುರುತಿಸಿದರು. ಒಂದು ವಿಷಯವನ್ನು ಕಲಿಯುವಾಗ ಮಕ್ಕಳು ಎಲ್ಲಿ ಎಡವುತ್ತಾರೆ, ಯಾವ ಉದಾಹರಣೆ ಅವರನ್ನು ಎತ್ತಿ ನಿಲ್ಲಿಸುತ್ತದೆ ಎಂಬ ತಿಳಿವಳಿಕೆ ಅದು. 2006ರಲ್ಲಿ ಪುಣ್ಯ ಮಿಶ್ರ ಮತ್ತು ಮ್ಯಾಥ್ಯೂ ಕೋಹ್ಲರ್ ಇದಕ್ಕೆ ತಂತ್ರಜ್ಞಾನವನ್ನು ಸೇರಿಸಿದಾಗಲೂ, ಅದು ಉಳಿದೆರಡರ ಜೊತೆ ಬೆರೆತಾಗ ಮಾತ್ರ ಶಿಕ್ಷಕರ ಜ್ಞಾನವಾಗುತ್ತದೆಂದೇ ವಾದಿಸಿದರು. ನಿಮ್ಮ 19 ವರ್ಷಗಳು ಹಳತಾಗಿಲ್ಲ; ಉಳಿದದ್ದೆಲ್ಲ ನಿಲ್ಲಬೇಕಾದದ್ದು ಆ ನೆಲದ ಮೇಲೆಯೇ.

ಹಾಗಾದರೆ ಟಿವಿಯನ್ನು ಏನು ಮಾಡುವುದು? ಸೇವೆಯ ಕೊನೆಯ ವರ್ಷಗಳಲ್ಲಿ ನಾನು ಮಾಡಿ ನೋಡಿದ ಕ್ರಮವನ್ನು ಹೇಳುತ್ತೇನೆ. ವಿಡಿಯೊ ಹಾಕುವ ಮೊದಲೇ ಲೆಕ್ಕವನ್ನು ಕೊಟ್ಟುಬಿಡಿ. ಮಕ್ಕಳು ಬರೆಯುತ್ತಿರುವಾಗ ಸಾಲುಗಳ ನಡುವೆ ಓಡಾಡಿ, ಮೂರು ಬೇರೆಬೇರೆ ರೀತಿಯಲ್ಲಿ ಮಾಡಿದ ಮೂರು ಪಾಟಿಗಳನ್ನೋ ನೋಟ್‌ಬುಕ್ಕುಗಳನ್ನೋ ಹೆಸರು ಕಾಣದಂತೆ ಫೋನಿನಲ್ಲಿ ಫೋಟೊ ತೆಗೆದುಕೊಳ್ಳಿ. ಫೋನನ್ನು ಟಿವಿಗೆ ಜೋಡಿಸಿ ಆ ಮೂರನ್ನೂ ತೋರಿಸಿ, ಹೀಗೆ ಮಾಡಿದವರು ಏನೆಂದು ಯೋಚಿಸಿರಬಹುದು ಎಂದು ಕೇಳಿ. ಯಾರದು ಸರಿ, ಯಾರದು ತಪ್ಪು ಎಂದು ಮಾತ್ರ ಆಗಲೇ ಹೇಳಬೇಡಿ. ನಮ್ಮ ಶಾಲೆಯಲ್ಲಿ ಹೀಗೆ ಕೇಳಿದಾಗ ಒಬ್ಬ ಹುಡುಗ ಎದ್ದು ನಿಂತು, 'ಸರ್, ಅವನು ಮೇಲಿನವನ ಹತ್ತಿರ ಇಲ್ಲ ಅಂತ ಕೆಳಗಿನವನ ಹತ್ತಿರ ತಗೊಂಡಿದ್ದಾನೆ' ಎಂದ. ಕಡ್ಡಿಗಳ ಕಟ್ಟನ್ನು ಬಿಚ್ಚಿಸಲು ಅದಕ್ಕಿಂತ ಒಳ್ಳೆಯ ಗಳಿಗೆ ಬೇಕಿರಲಿಲ್ಲ. ಹತ್ತು ಕಡ್ಡಿಯ ಐದು ಕಟ್ಟು, ಎರಡು ಬಿಡಿ ಕಡ್ಡಿ; ಏಳು ಕೊಡಬೇಕೆಂದರೆ ಒಂದು ಕಟ್ಟಿನ ದಾರವನ್ನು ಬಿಚ್ಚಲೇಬೇಕು. ಎಲ್ಲರೂ ಒಮ್ಮೆ ದಾರ ಬಿಚ್ಚಿದ ಮೇಲೆ ವಿಡಿಯೊವನ್ನು ಹಾಕಿ, ಅದೂ ಧ್ವನಿಯಿಲ್ಲದೆ. ದಶಕ ಬಿಡಿಸುವ ಜಾಗದಲ್ಲಿ ನಿಲ್ಲಿಸಿ, ಮುಂದೆ ಏನಾಗುತ್ತದೆಂದು ಮಕ್ಕಳಿಂದಲೇ ಹೇಳಿಸಿ.

ಎರಡು ಇಯತ್ತೆಗಳಿರುವ ಕೋಣೆಯಲ್ಲಿ ಟಿವಿಗೆ ಇನ್ನೊಂದು ತೊಡಕಿದೆ. ಮೂರನೆಯವರಿಗೆಂದು ಹಾಕಿದ ಚಿತ್ರ ನಾಲ್ಕನೆಯವರ ಕಣ್ಣನ್ನೂ ಸೆಳೆಯುತ್ತದೆ. ಆದ್ದರಿಂದ ಒಂದು ಇಯತ್ತೆಗೆ ಮಾತ್ರ ಬೇಕಾದದ್ದನ್ನು ನಾಲ್ಕೈದು ನಿಮಿಷಗಳಿಗೆ ಮೀರಿಸಬೇಡಿ.

ಉತ್ತರ 2: ಪುಣೆಯ ಸಾಫ್ಟ್‌ವೇರ್ ಉದ್ಯೋಗಿ, ಶನಿವಾರಗಳಂದು ಶಿಕ್ಷಕರಿಗೆ ಕನ್ನಡ ಟೈಪಿಂಗ್ ಕಲಿಸುವವರು

ಮೇಲಿನ ಹಿರಿಯರು ಮೊದಲ ಪ್ರಸಂಗಕ್ಕೆ ಉತ್ತರಿಸಿರುವುದರಿಂದ ನಾನು ಎರಡನೆಯದರ ಬಗೆಗೆ ಬರೆಯುತ್ತೇನೆ. ನೀವು ಮೊದಲು ಕಲಿಯಬೇಕಾದದ್ದು ಯಾವುದೆಂದು ಕೇಳಿದಿರಿ. ನನ್ನ ಉತ್ತರ ಒಂದೇ: ಯೂನಿಕೋಡ್‌ನಲ್ಲಿ ಕನ್ನಡ ಬರೆಯುವುದನ್ನು ಕಲಿಯಿರಿ. ರಸಪ್ರಶ್ನೆಯ ಆ್ಯಪ್ ಒಂದೆರಡು ವರ್ಷಗಳಲ್ಲಿ ಬದಲಾಗಬಹುದು. ಇದು ನಿಮ್ಮ ಸೇವೆ ಮುಗಿಯುವವರೆಗೂ ನಿಮ್ಮ ಜೊತೆಗಿರುತ್ತದೆ.

ಆ ತಾಯಿಯ ಫೋನಿನಲ್ಲಿ ಆದದ್ದು ಇಷ್ಟು. 1998ರಲ್ಲಿ ಬಂದ ಬರಹ ತಂತ್ರಾಂಶ, ಅನಂತರ ಬಂದ ಕನ್ನಡ ಗಣಕ ಪರಿಷತ್ತಿನ ನುಡಿ, ಇವೆರಡೂ ಕನ್ನಡಿಗರಿಗೆ ಕಂಪ್ಯೂಟರಿನಲ್ಲಿ ಬರೆಯುವ ದಾರಿಯನ್ನು ತೆರೆದವು; ಆ ಋಣ ದೊಡ್ಡದು. ಆದರೆ ಅವುಗಳ ಹಳೆಯ ಅಕ್ಷರಶೈಲಿಗಳಲ್ಲಿ ಕಂಪ್ಯೂಟರು ಒಳಗೆ ನೆನಪಿಟ್ಟುಕೊಳ್ಳುತ್ತಿದ್ದದ್ದು ರೋಮನ್ ಅಕ್ಷರದ ಸಂಖ್ಯೆಯನ್ನೇ. ಅದರ ಮೇಲೆ ಕನ್ನಡದ ಆಕಾರವನ್ನು ಹೊದಿಸುತ್ತಿದ್ದರು. ಆ ಹೊದಿಕೆ ನಿಮ್ಮ ಕಂಪ್ಯೂಟರಿನಲ್ಲಿತ್ತು, ಆ ತಾಯಿಯ ಫೋನಿನಲ್ಲಿ ಇರಲಿಲ್ಲ. ಹೊದಿಕೆ ಜಾರಿದಾಗ ಒಳಗಿನ ರೋಮನ್ ಅಕ್ಷರಗಳು ಹೊರಬಿದ್ದವು. ಯೂನಿಕೋಡ್‌ನಲ್ಲಿ ಹಾಗಿಲ್ಲ. ಅಲ್ಲಿ ಕನ್ನಡಕ್ಕೆಂದೇ 128 ಸ್ಥಾನಗಳನ್ನು ತೆಗೆದಿರಿಸಲಾಗಿದ್ದು, 'ಕ' ಎಂಬ ಅಕ್ಷರದ ಸಂಖ್ಯೆ ಮುಂಬಯಿಯಲ್ಲೂ ಮೈಸೂರಿನಲ್ಲೂ, ಹಳೆಯ ಫೋನಿನಲ್ಲೂ ಹೊಸ ಟಿವಿಯಲ್ಲೂ ಒಂದೇ.

ನಿಮ್ಮ ನುಡಿಯ ಬೆರಳಭ್ಯಾಸವನ್ನು ಬಿಡಬೇಕಾಗಿಲ್ಲ, ಇದನ್ನು ಒತ್ತಿ ಹೇಳುತ್ತೇನೆ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸವೇ ಯೂನಿಕೋಡ್‌ನಲ್ಲೂ ಸಿಗುತ್ತದೆ. ಒತ್ತಕ್ಷರಕ್ಕೆ ಎಫ್ ಕೀಲಿಯನ್ನು ಒತ್ತುವ ನಿಮ್ಮ ಅಭ್ಯಾಸ ಹಾಗೆಯೇ ನಡೆಯುತ್ತದೆ. ನುಡಿಯ ಈಚಿನ ಆವೃತ್ತಿಗಳಲ್ಲಿ ಯೂನಿಕೋಡ್ ಎಂಬ ಆಯ್ಕೆಯಿದೆ. ಅದನ್ನು ಆರಿಸಿಕೊಂಡು, ಅಕ್ಷರಶೈಲಿಯ ಜಾಗದಲ್ಲಿ ತುಂಗಾ, ನಿರ್ಮಲಾ ಅಥವಾ ನೋಟೋ ಸಾನ್ಸ್ ಕನ್ನಡವನ್ನು ಇಟ್ಟರೆ ಆಯಿತು. ಹಳೆಯ ಪ್ರಶ್ನೆಪತ್ರಿಕೆಗಳನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ದೊರೆಯುತ್ತವೆ. ಬದಲಿಸಿದ ಮೇಲೆ ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಒಮ್ಮೆ ಕಣ್ಣಾರೆ ಓದಿ ನೋಡಿ. ತುರ್ತಿದ್ದಾಗ ಹಳೆಯ ಕಡತವನ್ನು ಪಿಡಿಎಫ್ ಮಾಡಿ ಕಳಿಸಿದರೆ ಅಕ್ಷರಗಳು ಕೆಡುವುದಿಲ್ಲ. ಆದರೆ ಅದರೊಳಗೆ ಒಂದು ಪದವನ್ನು ಹುಡುಕಲಾಗುವುದಿಲ್ಲ, ಫೋನಿನಿಂದ ಗಟ್ಟಿಯಾಗಿ ಓದಿಸಲೂ ಆಗುವುದಿಲ್ಲ. ಓದಲು ಬಾರದ ತಾಯಿ ಮಗುವಿನ ಮನೆಗೆಲಸವನ್ನು ಫೋನಿನಿಂದಲೇ ಓದಿಸಿಕೊಂಡು ಕೇಳಬಹುದೆಂಬ ಒಂದೇ ಕಾರಣಕ್ಕಾದರೂ ಯೂನಿಕೋಡ್ ಬೇಕು ಎಂಬುದು ನನ್ನ ನಿಲುವು.

ದಿನಕ್ಕೆ 30 ನಿಮಿಷದಂತೆ ಮೊದಲ ವಾರವೆಲ್ಲ ನಿಮ್ಮ ಪಾಠ ಟಿಪ್ಪಣಿಯನ್ನೇ ಟೈಪ್ ಮಾಡಿ. ಅಭ್ಯಾಸಕ್ಕೆಂದು ಬೇರೆ ಏನನ್ನೋ ಟೈಪ್ ಮಾಡಿದರೆ ಬೇಸರ ಬರುತ್ತದೆ.

ಸೋಲಾಪುರ ಜಿಲ್ಲೆಯ ಪರಿತೇವಾಡಿಯ ಜಿಲ್ಲಾ ಪರಿಷತ್ ಶಾಲೆಯ ಶಿಕ್ಷಕರಾಗಿದ್ದ ರಣಜಿತ್‌ಸಿಂಹ ಡಿಸಲೆ ಅವರಿಗೆ 2020ರ ಡಿಸೆಂಬರಿನಲ್ಲಿ 10 ಲಕ್ಷ ಡಾಲರುಗಳ ಜಾಗತಿಕ ಶಿಕ್ಷಕ ಪ್ರಶಸ್ತಿ ಬಂತು. ಅದರ ಅರ್ಧವನ್ನು ಅವರು ಅಂತಿಮ ಸುತ್ತಿನ ಉಳಿದ ಒಂಬತ್ತು ಮಂದಿಯೊಂದಿಗೆ ಹಂಚಿಕೊಂಡರು. ಪಠ್ಯಪುಸ್ತಕದಲ್ಲಿ ಕ್ಯೂಆರ್ ಕೋಡ್ ಅಳವಡಿಸಿದವರೆಂದು ಅವರನ್ನು ಎಲ್ಲರೂ ನೆನೆಯುತ್ತಾರೆ. ಆದರೆ ಅವರ ತರಗತಿಯ ಮಕ್ಕಳ ಮಾತು ಕನ್ನಡವಾಗಿತ್ತು, ಪುಸ್ತಕದ ಭಾಷೆ ಅದಾಗಿರಲಿಲ್ಲ. ಅವರು ಮಕ್ಕಳಿಗಾಗಿ ಕನ್ನಡ ಕಲಿತರು, ಒಂದರಿಂದ ನಾಲ್ಕನೆಯ ತರಗತಿಯವರೆಗಿನ ಪುಸ್ತಕಗಳನ್ನು ಅವರ ಭಾಷೆಗೆ ಒಗ್ಗಿಸಿದರು. ಆ ಚೌಕಾಕಾರದ ಗುರುತಿನ ಹಿಂದೆ ಇದ್ದದ್ದು ಮಕ್ಕಳ ಮಾತನ್ನು ಕಲಿತ ಒಬ್ಬ ಶಿಕ್ಷಕ. ನಿಮಗೆ ಆ ಮಾತು ಹುಟ್ಟಿನಿಂದಲೇ ಬಂದಿದೆ.

ಉತ್ತರ 3: ವಾಸ್ಕೊದ ಶಿಕ್ಷಕಿ, ಗೋವಾ

ನಮ್ಮಲ್ಲಿಯೂ ಬಾಗಲಕೋಟೆ, ಗದಗ, ಕೊಪ್ಪಳದಿಂದ ದುಡಿಯಲು ಬಂದವರ ಮಕ್ಕಳೇ ಹೆಚ್ಚು. ಅವರು ನನ್ನನ್ನು 'ಅಕ್ಕೋರೇ' ಎಂದು ಕರೆಯುತ್ತಾರೆ. ಇಬ್ಬರು ಹಿರಿಯರೂ ಹೇಳಿದ್ದನ್ನು ಒಪ್ಪುತ್ತಲೇ, ಅವರ ಮಾತಿನಲ್ಲಿ ಬಾರದ ಒಂದು ಸಂಗತಿಯನ್ನು ಸೇರಿಸುತ್ತೇನೆ. ನಾವು ಕಳಿಸಿದ್ದು ಯಾರ ಕೈಗೆ, ಎಷ್ಟು ಹೊತ್ತಿಗೆ ಸೇರುತ್ತದೆ ಎಂಬುದನ್ನು ತಿಳಿದುಕೊಳ್ಳುವುದೂ ಡಿಜಿಟಲ್ ಸಾಕ್ಷರತೆಯೇ ಆಗಿದೆ. ನನ್ನ ತರಗತಿಯ ಬಹುತೇಕ ಮನೆಗಳಲ್ಲಿ ಇರುವುದು ಒಂದೇ ಫೋನು. ಅದು ಬೆಳಿಗ್ಗೆ ಏಳಕ್ಕೆ ತಂದೆಯ ಜೊತೆ ಕೆಲಸಕ್ಕೆ ಹೋದರೆ ರಾತ್ರಿ ಒಂಬತ್ತಕ್ಕೆ ಮನೆಗೆ ಬರುತ್ತದೆ. ಸಂಜೆ ಐದಕ್ಕೆ ಮನೆಗೆಲಸ ಕಳಿಸಿ, ಮರುದಿನ ಮಾಡಿಲ್ಲವೆಂದು ಮಗುವನ್ನು ನಿಲ್ಲಿಸುವುದು ನ್ಯಾಯವಲ್ಲ. ಇದನ್ನು ಅರಿಯಲು ನನಗೆ ಒಂದು ವರ್ಷ ಹಿಡಿಯಿತು.

ಈಗ ನಾನು ವಿಡಿಯೊ ಕಳಿಸುವುದಿಲ್ಲ. ವಾರಕ್ಕೆ ಮೂರು ಸಲ ಎರಡು ನಿಮಿಷದ ಧ್ವನಿ ಸಂದೇಶವನ್ನು ಕಳಿಸುತ್ತೇನೆ. ಅದಕ್ಕೆ ಡೇಟಾ ಕಡಿಮೆ ಸಾಕು, ಅಡುಗೆ ಮಾಡುತ್ತಲೂ ಕೇಳಬಹುದು. ಒಂದು ಒಗಟು, ಪಾಠದ ಒಂದು ತುಣುಕು, ಕೊನೆಗೆ ಒಂದು ಪ್ರಶ್ನೆ, ಇಷ್ಟೇ ಅದರಲ್ಲಿರುವುದು. ಉತ್ತರವನ್ನು ಮಗು ತನ್ನ ಧ್ವನಿಯಲ್ಲೇ ಕಳಿಸಬೇಕು. ತರಗತಿಯಲ್ಲಿ ಬಾಯಿಯನ್ನೇ ಬಿಡದ ಒಬ್ಬ ಹುಡುಗಿ ರಾತ್ರಿ ಹತ್ತು ಗಂಟೆಗೆ, ಹಿಂದೆ ಕುಕ್ಕರಿನ ಸೀಟಿ ಕೂಗುತ್ತಿರುವಾಗ, ಇಡೀ ಪದ್ಯವನ್ನು ತಡವರಿಸದೆ ಓದಿ ಕಳಿಸಿದಳು. ಅವಳಿಗೆ ಓದಲು ಬರುತ್ತದೆಂದು ನನಗೆ ತಿಳಿದದ್ದೇ ಆಗ. ಆದ್ದರಿಂದ ತಂತ್ರಜ್ಞಾನವು ಈಗಾಗಲೇ ತಿಳಿದದ್ದನ್ನು ಕಲಿಸಲು ಮಾತ್ರ ನೆರವಾಗುತ್ತದೆ ಎಂದು ನಾನು ಹೇಳಲಾರೆ. ಕೆಲವೊಮ್ಮೆ ನಮಗೆ ಕಾಣದ ಮಗುವನ್ನು ಅದು ತೋರಿಸಿಕೊಡುತ್ತದೆ.

ಇನ್ನೊಂದು ಮಾತನ್ನು ನೋವಿನಿಂದಲೇ ಹೇಳಬೇಕು. ಹಿಂದೆ ನಾನಿದ್ದ ಶಾಲೆಯಲ್ಲಿ ಪರೀಕ್ಷೆಯ ಅಂಕಪಟ್ಟಿಯ ಫೋಟೊವನ್ನು ಪೋಷಕರ ಗುಂಪಿಗೆ ಹಾಕುವುದು ರೂಢಿಯಾಗಿತ್ತು, ನಾನೂ ಹಾಕಿದೆ. ಎಲ್ಲರಿಗಿಂತ ಕಡಿಮೆ ಅಂಕ ಬಂದಿದ್ದ ಹುಡುಗ ಮರುದಿನದಿಂದ ಎಂಟು ದಿನ ಶಾಲೆಗೆ ಬರಲಿಲ್ಲ. ಮಕ್ಕಳ ಅಂಕ, ಫೋಟೊ, ಆಧಾರ್ ಸಂಖ್ಯೆ ಇವು ನಮ್ಮ ಆಸ್ತಿಯಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ 18 ವರ್ಷದೊಳಗಿನವರನ್ನು ಮಕ್ಕಳೆಂದೇ ಎಣಿಸುತ್ತದೆ ಮತ್ತು ಅವರ ಮಾಹಿತಿಯನ್ನು ಬಳಸಲು ಪೋಷಕರ ಸಮ್ಮತಿಯನ್ನು ಮುಖ್ಯವಾಗಿ ಪರಿಗಣಿಸುತ್ತದೆ. ಗುಂಪಿಗೆ ಏನನ್ನು ಹಾಕಬಾರದೆಂಬುದನ್ನು ನಿಮ್ಮ ಮೂರು ವಾರಗಳ ಮೊದಲ ದಿನವೇ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.

ಉತ್ತರ 4: ನವಿ ಮುಂಬಯಿಯ ಯುವ ಶಿಕ್ಷಕ

ಹುಡುಕುವುದರ ಬಗೆಗೆ ಸಂಕ್ಷಿಪ್ತವಾಗಿ ಬರೆಯುತ್ತೇನೆ. ಕನ್ನಡದಲ್ಲಿ ಪಾಠದ ಹೆಸರು ಹಾಕಿ ಹುಡುಕಿದರೆ ಮೇಲೆ ಬರುವುದು ಹೆಚ್ಚಾಗಿ ಕರ್ನಾಟಕದ ಪಠ್ಯಕ್ರಮದ ಸಾಮಗ್ರಿ. ನಮ್ಮದು ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳಿಯಾದ ಪುಣೆಯ ಬಾಲಭಾರತಿ ಕನ್ನಡದಲ್ಲಿ ಮುದ್ರಿಸುವ ಪುಸ್ತಕ. ನಾಲ್ಕನೆಯ ಇಯತ್ತೆಯಲ್ಲಿ ನಾವು ಶಿವಾಜಿ ಮಹಾರಾಜರ ಚರಿತ್ರೆಯನ್ನು ಕಲಿಸುವಾಗ ಆ ವಿಡಿಯೊಗಳು ಕೆಲಸಕ್ಕೆ ಬರುವುದಿಲ್ಲ. ಆದ್ದರಿಂದ ಮೊದಲು ಪುಸ್ತಕದಲ್ಲಿರುವ ಕ್ಯೂಆರ್ ಕೋಡಿನಿಂದ ದೀಕ್ಷಾದಲ್ಲಿ ಏನಿದೆಯೆಂದು ನೋಡಿ, ಇಲ್ಲದಿದ್ದರೆ ಮಾತ್ರ ಹೊರಗೆ ಹುಡುಕಿ. ಯಾವ ವಿಡಿಯೊವನ್ನೇ ಆಗಲಿ ಕೊನೆಯವರೆಗೆ ನೋಡದೆ ತರಗತಿಗೆ ತರಬೇಡಿ.

ಕೃತಕ ಬುದ್ಧಿಮತ್ತೆಯ ಆ್ಯಪ್‌ಗಳಿಂದ ಪ್ರಶ್ನೆಗಳನ್ನು ಬರೆಸಿಕೊಳ್ಳಲು ಈಗ ಹಲವರು ಹೇಳುತ್ತಾರೆ. ನಾನು ಬಳಸುತ್ತೇನೆ, ಆದರೆ ಅವು ಕೊಡುವ ಕನ್ನಡ ಅನೇಕ ಸಲ ಮಕ್ಕಳ ಬಾಯಲ್ಲಿ ನಿಲ್ಲುವಂಥದ್ದಲ್ಲ. ಒಮ್ಮೆ ಐದು ಗಾದೆಗಳನ್ನು ಕೇಳಿದಾಗ ಅವುಗಳಲ್ಲಿ ಎರಡನ್ನು ನಮ್ಮ ಅಜ್ಜಿಯೂ ಕೇಳಿರಲಿಲ್ಲ. ಮೂರನೆಯ ಇಯತ್ತೆಯ ಮಗುವಿಗೆ ಯಾವ ವಾಕ್ಯ ಭಾರವಾಗುತ್ತದೆಂದು ನೀವೇ ತಿದ್ದಬೇಕಾಗುತ್ತದೆ.

ಪ್ರಶ್ನೆ ಕೇಳಿದವರ ಮರುನುಡಿ, ದೀಪಾವಳಿ ರಜೆಯ ನಂತರ

ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು. ರಜೆಯಲ್ಲಿ ಎರಡೇ ಕೆಲಸಗಳನ್ನು ಹಿಡಿದುಕೊಂಡೆ. ಯೂನಿಕೋಡ್‌ನಲ್ಲಿ ನವೆಂಬರ್ ತಿಂಗಳ ಪಾಠ ಟಿಪ್ಪಣಿಯನ್ನು ಪೂರ್ತಿಯಾಗಿ ಟೈಪ್ ಮಾಡಿದೆ. ನಾಲ್ಕನೆಯ ದಿನದ ಹೊತ್ತಿಗೆ ಹಳೆಯ ಬೆರಳುಗಳೇ ದಾರಿ ಕಂಡುಕೊಂಡವು. ಹಳೆಯ ಅಭ್ಯಾಸದ ಹಾಳೆಗಳಲ್ಲಿ 14ನ್ನು ಪರಿವರ್ತಿಸಿ ಓದಿ ತಿದ್ದಿದೆ. ಅಂದು ಗೇಟಿನ ಬಳಿ ನಿಲ್ಲಿಸಿದ್ದ ತಾಯಿಗೆ ಮೊದಲ ಹಾಳೆಯನ್ನು ಕಳಿಸಿದೆ. ಅವರಿಗೆ ಓದಲು ಬರುವುದಿಲ್ಲವೆಂಬುದು ನನಗೆ ಇಷ್ಟು ದಿನ ಗೊತ್ತಿರಲಿಲ್ಲ. ಪಕ್ಕದ ಮನೆಯವರಿಂದ ಓದಿಸಿಕೊಳ್ಳುತ್ತಿದ್ದರಂತೆ, ಅವರಿಗೂ ತಿಳಿಯದಾದಾಗ ನನ್ನ ಬಳಿ ಬಂದಿದ್ದರು. ಫೋನಿನಿಂದ ಓದಿಸಿಕೊಳ್ಳುವುದನ್ನು ಶಾಲೆಯ ಮೆಟ್ಟಿಲ ಮೇಲೆ ಕುಳಿತು ತೋರಿಸಿಕೊಟ್ಟೆ. ಯಂತ್ರದ ಉಚ್ಚಾರ ಕೇಳಿ ಅವರಿಗೆ ನಗು ಬಂತು, ಆದರೆ ಅರ್ಥವಾಯಿತು ಎಂದರು.

ಎರಡನೆಯದು ಫೋಟೊ ತೆಗೆದು ಟಿವಿಯಲ್ಲಿ ತೋರಿಸುವ ಕ್ರಮ. ಕಳೆದ ಗುರುವಾರ 61ರಲ್ಲಿ 38 ಕಳೆಯುವ ಲೆಕ್ಕದಲ್ಲಿ ಅದನ್ನು ಮಾಡಿದೆ. ತಪ್ಪಾಗಿ 37 ಬರೆದವರು ಈ ಸಲ ಐವರು. ಅವರಲ್ಲಿ ಮೂವರು ಕಡ್ಡಿಯ ಕಟ್ಟನ್ನು ಬಿಚ್ಚಿದ ಮೇಲೆ ತಾವಾಗಿಯೇ ಅಳಿಸಿ 23 ಎಂದು ಬರೆದರು. ಉಳಿದ ಇಬ್ಬರಿಗೆ ಬಿಡಿ ಮತ್ತು ದಶಕಗಳ ಸ್ಥಾನವೇ ಇನ್ನೂ ಗಟ್ಟಿಯಾಗಿಲ್ಲವೆಂದು ತಿಳಿಯಿತು. ಸೋಮವಾರದಿಂದ ಅವರಿಬ್ಬರನ್ನು ಪ್ರಾರ್ಥನೆಗೆ ಮೊದಲು ಹದಿನೈದು ನಿಮಿಷ ನನ್ನ ಮೇಜಿನ ಬಳಿ ಕೂರಿಸಿಕೊಳ್ಳುತ್ತೇನೆ. ವಾಸ್ಕೊದ ಅಕ್ಕೋರು ಹೇಳಿದ ಧ್ವನಿ ಸಂದೇಶವನ್ನು ಜನವರಿಯಲ್ಲಿ ಆರಂಭಿಸಬೇಕೆಂದಿದ್ದೇನೆ. ತುಳು ಮಾತಾಡುವ ಮನೆಗಳಿಗೆ ಒಗಟನ್ನು ತುಳುವಿನಲ್ಲಿ ಹೇಳಿ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಬಹುದೇ ಎಂದು ಯೋಚಿಸುತ್ತಿದ್ದೇನೆ. ಹೀಗೆ ಮಾಡಿ ನೋಡಿದವರು ಯಾರಾದರೂ ಇದ್ದರೆ ತಿಳಿಸಿರಿ.